ರುಜು, ಮೊಹರು, ಯುದ್ಧ

ಮ್ಯೂನಿಕ್ ನಗರದ ಓಡಿಯಾನ್ಸ್‌ಪ್ಲಾಟ್ಸ್ ಚೌಕದ ಹಿಂಬದಿಯಲ್ಲಿ ವಿಸ್ಕಾರ್ಡಿ ಎಂಬ ಸಣ್ಣ ಓಣಿಯಿದೆ. ಒಂದು ದೊಡ್ಡ ಬೀದಿಯಿಂದ ಇನ್ನೊಂದು ದೊಡ್ಡ ಬೀದಿಗೆ ದಾಟುವ ಒಳದಾರಿ; ಬೀಡಿ ಹಚ್ಚುವಷ್ಟರಲ್ಲಿ ಮುಗಿದುಹೋಗುತ್ತದೆ. ಕಪ್ಪು ಕಲ್ಲು ಹಾಸಿದ ನೆಲದ ನಡುವೆ ಕಂಚಿನ ಕಲ್ಲುಗಳ ಪಟ್ಟಿಯೊಂದು ಬಳುಕುತ್ತ ಸಾಗಿದೆ. ನಾವು ಹೋದಾಗ ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಿತ್ತು. ಕಚೇರಿಗೆ ಹೊರಟವರು ಅದನ್ನು ತುಳಿದುಕೊಂಡೇ ಸರಸರನೆ ನಡೆಯುತ್ತಿದ್ದರು. ಇದು ಏನು, ಏಕೆ ಎಂದು ಹೇಳುವ ದೊಡ್ಡ ಫಲಕವೇನೂ ಕಣ್ಣಿಗೆ ಬೀಳಲಿಲ್ಲ. ಅಕ್ಕನ ಮಗ ಜೊತೆಗಿರದಿದ್ದರೆ ನಾನೂ ತುಳಿದು ಮುಂದೆ ಹೋಗುತ್ತಿದ್ದೆ.

ಚೌಕದ ತುದಿಯಲ್ಲಿ ಫೆಲ್ಡ್‌ಹೆರ್ನ್‌ಹಾಲೆ ಎಂಬ ಕಮಾನು ಮಂಟಪವಿದೆ. ಬವೇರಿಯದ ದಂಡನಾಯಕರ ನೆನಪಿಗೆ ಕಟ್ಟಿಸಿದ್ದು. 1933ರಲ್ಲಿ ನಾಜಿಗಳು ಅದರ ಪಕ್ಕದ ಗೋಡೆಗೆ ತಮ್ಮ ‘ಹುತಾತ್ಮ’ರ ಸ್ಮಾರಕ ಕಟ್ಟಿ, ಹಗಲೂ ರಾತ್ರಿ ಕಾವಲು ನಿಲ್ಲಿಸಿದರು. ಆ ಬೀದಿಯಲ್ಲಿ ಹಾದುಹೋಗುವವರೆಲ್ಲ ಬಲಗೈ ಎತ್ತಿ ವಂದಿಸಲೇಬೇಕು. ಮನಸ್ಸಿಲ್ಲದವರು ಸ್ಮಾರಕ ಬರುವ ಮೊದಲೇ ಈ ಓಣಿಗೆ ತಿರುಗಿ ತಪ್ಪಿಸಿಕೊಳ್ಳುತ್ತಿದ್ದರು. ಹಾಗೆ ತಿರುಗಿದವರ ಹೆಜ್ಜೆಯ ಗುರುತಾಗಿ 1995ರಲ್ಲಿ ಕಂಚಿನ ಕಲ್ಲು ಕೂರಿಸಿದ್ದಾರೆ.

ಓಣಿಯ ನಡುವೆ ನಿಂತು ಯೋಚಿಸಿದೆ. ಓಣಿ ಹಿಡಿದವರನ್ನು ಹೇಡಿಗಳೆನ್ನುವ ಅಧಿಕಾರ ನನಗಿಲ್ಲ. ಕೈ ಎತ್ತದೆ ಮನೆ ಸೇರುವುದೂ ಆ ಕಾಲಕ್ಕೆ ಒಂದು ಧೈರ್ಯವೇ. ಆದರೆ ಊರಿಗೆ ಊರೇ ಓಣಿ ಹಿಡಿಯುವ ಗತಿ ಬರುವ ಮೊದಲು, ‘ಆಗದು’ ಎನ್ನಲು ಯಾರ್ಯಾರಿಗೆ ಅವಕಾಶವಿತ್ತು? ಯಾರ ಮೇಜಿನ ಮೇಲೆ ಯಾವ ಕಾಗದ ಬಂದು ಕೂತಿತ್ತು? ಮ್ಯೂನಿಕ್‌ನಿಂದ ನ್ಯೂರೆಂಬರ್ಗ್, ಬರ್ಲಿನ್, ಅಲ್ಲಿಂದ ಪೋಲೆಂಡಿನ ಗಡಿನಾಡಿನವರೆಗೆ ಹೋಗಬೇಕೆನಿಸಿದ್ದು ಈ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು.

ಮೊದಲ ಕಾಗದ ಇದೇ ಮ್ಯೂನಿಕ್‌ನದು. 1923ರ ನವೆಂಬರ್ 8ರ ರಾತ್ರಿ ಹಿಟ್ಲರ್ ಇಲ್ಲಿನ ಬಿಯರ್ ಭವನವೊಂದಕ್ಕೆ ನುಗ್ಗಿ, ಪಿಸ್ತೂಲು ಹಾರಿಸಿ, ಸರ್ಕಾರ ಉರುಳಿತೆಂದು ಸಾರಿದ. ಮರುದಿನ ತನ್ನವರನ್ನು ಕಟ್ಟಿಕೊಂಡು ಇದೇ ಮಂಟಪದ ಕಡೆಗೆ ಮೆರವಣಿಗೆ ಬಂದ. ಪೊಲೀಸರು ಗುಂಡು ಹಾರಿಸಿದರು. ಆ ಗಲಾಟೆಯಲ್ಲಿ ಸತ್ತವರು ಒಟ್ಟು ಇಪ್ಪತ್ತು ಜನ. ಅವರಲ್ಲಿ ನಾಲ್ವರು ಕರ್ತವ್ಯದಲ್ಲಿದ್ದ ಪೊಲೀಸರು; ಉಳಿದವರೇ ನಾಜಿಗಳ ‘ಹುತಾತ್ಮ’ರು. ಆ ನಾಲ್ವರ ಹೆಸರಿನ ಫಲಕ ಈಗ ಎದುರಿನ ಅರಮನೆಯ ಗೋಡೆಯ ಮೇಲಿದೆ. ನಾಜಿಗಳ ಸ್ಮಾರಕ ಯುದ್ಧ ಮುಗಿದೊಡನೆ ಕಿತ್ತುಹೋಯಿತು.

ಹಿಟ್ಲರನ ಮೇಲೆ ದೇಶದ್ರೋಹದ ಮೊಕದ್ದಮೆ ನಡೆಯಿತು. ಕೋರ್ಟು ಅವನಿಗೆ ಗಂಟೆಗಟ್ಟಲೆ ಭಾಷಣ ಮಾಡಲು ಬಿಟ್ಟಿತು. 1924ರ ಏಪ್ರಿಲ್ 1ರಂದು ಐದು ವರ್ಷದ ಶಿಕ್ಷೆ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಅವನು ಹೊರಗಿದ್ದ. ಅವನಾಗ ಆಸ್ಟ್ರಿಯದ ಪ್ರಜೆ. ಕಾನೂನಿನ ಪ್ರಕಾರ ಅಂಥವನನ್ನು ಗಡೀಪಾರು ಮಾಡಬೇಕಿತ್ತು. ಜರ್ಮನ್ ಸೇನೆಯಲ್ಲಿ ಹೋರಾಡಿದವನಿಗೆ ಆ ಕಲಮು ಅನ್ವಯಿಸುವುದಿಲ್ಲವೆಂದು ನ್ಯಾಯಾಧೀಶರು ಬರೆದರು. 1932ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಪೌರತ್ವ ಬೇಕಾದಾಗ, ಬ್ರೌನ್‌ಶ್ವೈಗ್ ಪ್ರಾಂತದಲ್ಲಿದ್ದ ಅವನ ಪಕ್ಷದವರು ಅವನನ್ನು ಸರ್ಕಾರಿ ಅಧಿಕಾರಿಯೆಂದು ನೇಮಿಸಿದರು. ನೌಕರಿಯ ಜೊತೆಗೆ ಪೌರತ್ವವೂ ಬಂತು. ಜರ್ಮನಿಯನ್ನು ಉದ್ಧರಿಸಲು ಹೊರಟವನು ಜರ್ಮನ್ ಪ್ರಜೆಯಾದದ್ದು ಒಂದು ನೇಮಕಾತಿ ಆದೇಶದಿಂದ.

ಓಡಿಯಾನ್ಸ್‌ಪ್ಲಾಟ್ಸ್‌ನಿಂದ ಬ್ರೀನರ್ ಬೀದಿ ಹಿಡಿದು ನೇರ ನಡೆದರೆ ಕ್ಯೋನಿಗ್ಸ್‌ಪ್ಲಾಟ್ಸ್ ಸಿಗುತ್ತದೆ. ದಾರಿಯಲ್ಲಿ ನಾಜಿ ಪಕ್ಷದ ಪ್ರಧಾನ ಕಚೇರಿ ಇದ್ದ ಜಾಗದಲ್ಲೀಗ ಬಿಳಿಯ ಚೌಕಾಕಾರದ ದಾಖಲೆ ಕೇಂದ್ರವಿದೆ, 2015ರಲ್ಲಿ ತೆರೆದದ್ದು. ಅದರ ಸಮೀಪದಲ್ಲೇ, ಆರ್ಸಿಸ್ ಬೀದಿಯಲ್ಲಿ, ಹಿಟ್ಲರನಿಗೆಂದು ಕಟ್ಟಿದ ಭಾರೀ ಕಲ್ಲಿನ ಕಟ್ಟಡ. ಈಗದು ಸಂಗೀತ ಮತ್ತು ರಂಗಭೂಮಿಯ ವಿದ್ಯಾಲಯ. ನಾವು ಹೋದಾಗ ಮಹಡಿಯ ಕಿಟಕಿಯಿಂದ ಪಿಯಾನೊ ಅಭ್ಯಾಸ ಕೇಳುತ್ತಿತ್ತು. ಯಾರೋ ಒಂದೇ ಸಾಲನ್ನು ತಪ್ಪಿ, ನಿಲ್ಲಿಸಿ, ಮತ್ತೆ ನುಡಿಸುತ್ತಿದ್ದರು.

1938ರ ಸೆಪ್ಟೆಂಬರ್ 29ರಂದು ಹಿಟ್ಲರ್, ಮುಸೊಲಿನಿ, ಬ್ರಿಟನ್ನಿನ ಚೇಂಬರ್ಲೇನ್, ಫ್ರಾನ್ಸಿನ ದಲಾದಿಯೇ ಈ ಕಟ್ಟಡದಲ್ಲಿ ಕೂತರು. ನಡುರಾತ್ರಿ ಕಳೆದ ಮೇಲೆ ಒಪ್ಪಂದಕ್ಕೆ ರುಜು ಬಿತ್ತು. ಜೆಕೊಸ್ಲೊವಾಕಿಯದ ಗಡಿನಾಡು ಸುಡೆಟೆನ್‌ಲ್ಯಾಂಡ್ ಹತ್ತು ದಿನದೊಳಗೆ ಜರ್ಮನಿಗೆ ಸೇರಬೇಕು. ಯಾರ ನೆಲವೋ ಆ ಜೆಕ್ಕರನ್ನು ಮಾತುಕತೆಗೆ ಕರೆಯಲಿಲ್ಲ. ಅವರ ಪ್ರತಿನಿಧಿಗಳು ಹೋಟೆಲಿನಲ್ಲಿ ಕಾಯುತ್ತಿದ್ದರು. ಎಲ್ಲ ಮುಗಿದ ಮೇಲೆ ಕರೆಸಿ ಕಾಗದ ತೋರಿಸಿದರು.

“ಮಾವ, ಅವತ್ತು ಚೇಂಬರ್ಲೇನ್ ಎದ್ದು ಹೋಗಿದ್ದಿದ್ದರೆ?” ಅಕ್ಕನ ಮಗ ಕೇಳಿದ.

“ಹೇಳೋದು ಸುಲಭ ಕಣೋ. ಅವನು ಲಂಡನ್ನಿಗೆ ವಾಪಸಾದಾಗ ಜನ ಜೈಕಾರ ಹಾಕಿದರು. ಮೊದಲ ಮಹಾಯುದ್ಧ ಮುಗಿದು ಇಪ್ಪತ್ತೇ ವರ್ಷ. ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆ ಇಲ್ಲದ ಬೀದಿ ಅಲ್ಲಿರಲಿಲ್ಲ.”

“ಹಾಗಾದ್ರೆ ಅವನ ತಪ್ಪೇ ಇಲ್ವಾ?”

ಇದೆ. ಶಾಂತಿ ಬೇಕೆಂದದ್ದು ತಪ್ಪಲ್ಲ. ಶಾಂತಿಯ ಬೆಲೆಯನ್ನು ಬೇರೊಬ್ಬರ ಕಿಸೆಯಿಂದ ತೆತ್ತದ್ದು ತಪ್ಪು. ಜೆಕ್ಕರ ಗಡಿಕೋಟೆಗಳೆಲ್ಲ ಇದ್ದದ್ದು ಆ ಬೆಟ್ಟಗಳಲ್ಲೇ. ಅವು ಕೈತಪ್ಪಿದ ಮೇಲೆ ಉಳಿದ ನಾಡಿಗೆ ರಕ್ಷಣೆಯಿರಲಿಲ್ಲ. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ಹೊಕ್ಕಿತು. ಸ್ಕೋಡ ಶಸ್ತ್ರ ಕಾರ್ಖಾನೆಯೂ ಅದರ ಪಾಲಾಯಿತು. ಜೆಕ್ ಕಾರ್ಖಾನೆಗಳ ಟ್ಯಾಂಕುಗಳೇ ಮುಂದೆ ಪೋಲೆಂಡಿನ ಮೇಲೆ, ಫ್ರಾನ್ಸಿನ ಮೇಲೆ ಹರಿದವು. 1938ರ ಬೇಸಿಗೆಯಲ್ಲಿ ಯುರೋಪಿನಲ್ಲಿದ್ದ ಜವಾಹರಲಾಲ್ ನೆಹರೂ ಪ್ರಾಗ್‌ಗೆ ಹೋಗಿ ಜೆಕ್ಕರನ್ನು ಕಂಡುಬಂದಿದ್ದರು. ಮ್ಯೂನಿಕ್ ಒಪ್ಪಂದವನ್ನು ಖಂಡಿಸಿದರು. ಆಳಿಸಿಕೊಂಡವರಿಗೆ ಆಳುವವರ ಕಾಗದಗಳ ಅರ್ಥ ಬೇಗ ಹೊಳೆಯುತ್ತದೆ.

ಗುಂಡು ಬಿದ್ದ ಮಂಟಪಕ್ಕೂ ರುಜು ಬಿದ್ದ ಕಟ್ಟಡಕ್ಕೂ ನಡುವೆ ಇರುವುದು ಒಂದು ಕಿಲೋಮೀಟರಿನಷ್ಟು ದಾರಿ, ಹದಿನೈದು ವರ್ಷ. ಬಂದೂಕಿನಿಂದ ಒಂದು ಊರನ್ನೂ ಗೆಲ್ಲಲಾಗದವನು ಪೆನ್ನಿನಿಂದ ಒಂದು ದೇಶವನ್ನು ಗೆದ್ದ.

ಮ್ಯೂನಿಕ್‌ನ ಸ್ಥಳೀಯ ರೈಲು ಡಾಹಾವ್‌ಗೆ ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ಅಲ್ಲಿನ ಬ್ಯಾರಕ್ಕು, ಗೇಟು, ಸುಡುಗೂಡುಗಳ ಬಗ್ಗೆ ಓದಿದ್ದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪತ್ರಿಕಾ ಪ್ರಕಟಣೆ. 1933ರ ಮಾರ್ಚ್ ಮೂರನೆಯ ವಾರ, ಮ್ಯೂನಿಕ್ ಪೊಲೀಸ್ ಮುಖ್ಯಸ್ಥನಾಗಿದ್ದ ಹಿಮ್ಲರ್, 5,000 ಜನರನ್ನು ಕೂಡಿಹಾಕಬಲ್ಲ ಶಿಬಿರ ಡಾಹಾವ್‌ನಲ್ಲಿ ಶುರುವಾಗಲಿದೆಯೆಂದು ಪೇಪರಿನಲ್ಲಿ ಹಾಕಿಸಿದ. 22ರಂದು ಮೊದಲ ಕೈದಿಗಳು ಬಂದರು: ಕಮ್ಯುನಿಸ್ಟರು, ಸಮಾಜವಾದಿಗಳು, ಕಾರ್ಮಿಕ ಮುಖಂಡರು. ಗುಟ್ಟೇನೂ ಇರಲಿಲ್ಲ. ಜನ ಕಾಫಿ ಕುಡಿಯುತ್ತ ಓದಿದರು. ‘ನಮ್ಮಂಥವರಿಗಲ್ಲವಲ್ಲ’ ಎಂದುಕೊಂಡು ಪುಟ ತಿರುಗಿಸಿದವರೇ ಹೆಚ್ಚು. ಮುಂದಿನ ಹನ್ನೆರಡು ವರ್ಷಗಳಲ್ಲಿ ಡಾಹಾವ್ ಮತ್ತದರ ಉಪಶಿಬಿರಗಳಿಗೆ ಎರಡು ಲಕ್ಷಕ್ಕೂ ಹೆಚ್ಚು ಕೈದಿಗಳು ಬಂದರು. 40,000ಕ್ಕೂ ಮಿಕ್ಕಿ ಸತ್ತರು.

ನ್ಯೂರೆಂಬರ್ಗ್‌ನಲ್ಲಿ ನಾಜಿಗಳು ಮೆರೆದ ಮೈದಾನ ಊರ ಹೊರಗೆ, ಕೆರೆಯ ದಂಡೆಯಲ್ಲಿದೆ. 1933ರಿಂದ 1938ರವರೆಗೆ ಪ್ರತಿ ಸೆಪ್ಟೆಂಬರಿನಲ್ಲೂ ಇಲ್ಲಿ ಪಕ್ಷದ ಮಹಾಜಾತ್ರೆ. ಲಕ್ಷಾಂತರ ಜನ, ಬಾವುಟಗಳ ಕಾಡು, ರಾತ್ರಿ ಆಕಾಶಕ್ಕೆ ಸರ್ಚ್‌ಲೈಟುಗಳ ಕಂಬಸಾಲು. ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರ್ ಕಟ್ಟಿಸಿದ ವೇದಿಕೆಯ ಮೆಟ್ಟಿಲುಗಳ ಸಂದಿಯಲ್ಲೀಗ ಹುಲ್ಲು ಬೆಳೆದಿದೆ. ಹುಡುಗನೊಬ್ಬ ಅದರ ಗೋಡೆಗೆ ಟೆನಿಸ್ ಚೆಂಡು ಹೊಡೆಯುತ್ತಿದ್ದ. ಎದುರಿನ ರಸ್ತೆಯಲ್ಲಿ ಕಾರ್ ರೇಸು, ಪಕ್ಕದಲ್ಲಿ ರಾಕ್ ಸಂಗೀತ ಕಛೇರಿ ನಡೆಯುತ್ತವಂತೆ. ಕವಾಯತಿಗೆಂದು ಹಾಸಿದ ‘ಮಹಾಬೀದಿ’ 60 ಮೀಟರ್ ಅಗಲವಿದೆ. ಅದರ ಗ್ರಾನೈಟ್ ಚಪ್ಪಡಿಗಳ ಅಳತೆ ಸೈನಿಕನ ಹೆಜ್ಜೆಗೆ ಹೊಂದುವಂತೆ ಇಟ್ಟದ್ದು. ಈಗಲ್ಲಿ ಕಾರು, ಟ್ರಕ್ಕು ನಿಲ್ಲಿಸುತ್ತಾರೆ.

ಬೆಳಕಿನ ಕಂಬಗಳ ಚಿತ್ರ ಎಲ್ಲರೂ ನೋಡಿದ್ದೇವೆ. ಅದಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ಕತ್ತಲಲ್ಲಿ ಕೂತು ಬರೆದ ಕರಡು. 1935ರ ಜಾತ್ರೆಯ ನಡುವೆ, ಬರ್ಲಿನ್ನಿನಿಂದ ಅಧಿಕಾರಿಗಳನ್ನು ತರಾತುರಿಯಲ್ಲಿ ಕರೆಸಿ, ಯಹೂದಿಗಳ ಪೌರಹಕ್ಕು ಕಿತ್ತುಕೊಳ್ಳುವ ಕಾಯಿದೆ ಬರೆಸಿದರು. ಸೆಪ್ಟೆಂಬರ್ 15ರಂದು ಸಂಸತ್ತನ್ನೇ ನ್ಯೂರೆಂಬರ್ಗ್‌ಗೆ ಕರೆಸಿ ಸರ್ವಾನುಮತದಿಂದ ಪಾಸು ಮಾಡಿಸಿಕೊಂಡರು. ಯಹೂದಿಗಳಿಗೂ ‘ಜರ್ಮನ್ ರಕ್ತ’ದವರಿಗೂ ಮದುವೆ ಅಪರಾಧವಾಯಿತು. ಯಹೂದಿ ಯಾರೆಂಬುದಕ್ಕೆ ನವೆಂಬರಿನಲ್ಲಿ ನಿಯಮ ಬಂತು: ಅಜ್ಜ ಅಜ್ಜಿಯರು ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀನೂ ಯಹೂದಿ. ಗುಮಾಸ್ತರು ಇಗರ್ಜಿಯ ದೀಕ್ಷಾಸ್ನಾನದ ದಫ್ತರಗಳನ್ನು ತಿರುವಿ ವಂಶಾವಳಿ ಬರೆಯತೊಡಗಿದರು. ಮುಂದೆ ಕೊಲ್ಲುವ ಹೊತ್ತಿಗೆ ಪಟ್ಟಿ ಸಿದ್ಧವಿತ್ತು.

ಈ ಮೈದಾನದ ಕೊನೆಯ ಜಾತ್ರೆ ನಡೆಯಲೇ ಇಲ್ಲ. 1939ರ ಸೆಪ್ಟೆಂಬರ್ 2ರಂದು ಶುರುವಾಗಬೇಕಿದ್ದ ಆ ಸಮಾವೇಶಕ್ಕೆ ಇಟ್ಟ ಹೆಸರು ‘ಶಾಂತಿ ಸಮಾವೇಶ’. ಹಿಂದಿನ ದಿನವೇ ಯುದ್ಧ ಶುರುವಾಗಿತ್ತು.

ಬರ್ಲಿನ್ನಿಗೆ ಹೋದವರೆಲ್ಲ ಸಂಸತ್ ಭವನ ರೈಕ್‌ಸ್ಟಾಗ್‌ನ ಗಾಜಿನ ಗುಮ್ಮಟ ಹತ್ತುತ್ತಾರೆ. ನಾನು ಹುಡುಕಿದ್ದು ಅದರ ಎದುರಿನ ಹುಲ್ಲು ಬಯಲಿನಾಚೆ ಇದ್ದ ಕ್ರೋಲ್ ಒಪೆರಾ ಭವನದ ಜಾಗ. ಕಟ್ಟಡವಿಲ್ಲ, 1951ರಲ್ಲಿ ಕೆಡವಿದರು. ಮಾಹಿತಿಯ ಫಲಕವೊಂದಿದೆ, ಸುತ್ತ ಮರ. ಶಾಲೆಯ ಮಕ್ಕಳ ಗುಂಪೊಂದು ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿತ್ತು. ಜರ್ಮನಿಯ ಗಣರಾಜ್ಯ ತನ್ನ ಕೊರಳನ್ನು ತಾನೇ ಕೊಯ್ದುಕೊಂಡದ್ದು ಇಲ್ಲಿ.

ನಾಜಿ ಪಕ್ಷಕ್ಕೆ 1928ರಲ್ಲಿ ಬಿದ್ದ ಮತ ಶೇ 2.6. ಮರುವರ್ಷ ಅಮೆರಿಕದ ಷೇರುಪೇಟೆ ಕುಸಿಯಿತು. ಸಾಲದ ಮೇಲೆ ನಿಂತಿದ್ದ ಜರ್ಮನಿಯಲ್ಲಿ ಕಾರ್ಖಾನೆಗಳು ಬಾಗಿಲು ಹಾಕಿದವು. 1930ರಲ್ಲಿ ಶೇ 18.3. 1932ರ ಹೊತ್ತಿಗೆ ನಿರುದ್ಯೋಗಿಗಳು 60 ಲಕ್ಷ. ಆ ಜುಲೈನಲ್ಲಿ ಶೇ 37.3. ಅದೇ ನವೆಂಬರಿನ ಚುನಾವಣೆಯಲ್ಲಿ ಶೇ 33.1ಕ್ಕೆ ಇಳಿಯಿತು. ಜನ ಹಿಟ್ಲರನನ್ನು ಬಹುಮತದಿಂದ ಆರಿಸಿದರೆಂಬ ಮಾತು ಸುಳ್ಳು. ಮುಕ್ತ ಚುನಾವಣೆಯಲ್ಲಿ ಅವನಿಗೆ ಎಂದೂ ಬಹುಮತ ಸಿಗಲಿಲ್ಲ.

ಮತ್ತೆ ಗದ್ದುಗೆ ಕೊಟ್ಟವರಾರು? ಮುದಿ ಅಧ್ಯಕ್ಷ ಹಿಂಡೆನ್‌ಬರ್ಗ್ ಮತ್ತು ಅವನ ಕಿವಿಗೆ ಹತ್ತಿರವಿದ್ದ ಜಮೀನುದಾರರು, ಸೇನಾಧಿಕಾರಿಗಳು, ಮಾಜಿ ಚಾನ್ಸೆಲರ್ ಪಾಪೆನ್. ಗಣರಾಜ್ಯದ ವೈಮರ್ ಸಂವಿಧಾನದ 48ನೆಯ ಕಲಮಿನಡಿ ತುರ್ತು ಆಜ್ಞೆ ಹೊರಡಿಸುವ ಅಧಿಕಾರ ಅಧ್ಯಕ್ಷನಿಗಿತ್ತು. 1930ರಿಂದಲೇ ಸಂಸತ್ತನ್ನು ಬದಿಗಿಟ್ಟು ಅದರ ಮೇಲೇ ಆಡಳಿತ ಸಾಗಿತ್ತು. ಹಿಟ್ಲರನನ್ನು ಮುಂದಿಟ್ಟು ಎಡಪಕ್ಷಗಳನ್ನು ಬಗ್ಗುಬಡಿಯೋಣ, ಮೂಗುದಾರ ಹೇಗೂ ನಮ್ಮ ಕೈಯಲ್ಲಿರುತ್ತದೆ ಎಂಬುದು ಇವರ ಲೆಕ್ಕ. 1933ರ ಜನವರಿ 30ರಂದು ಹಿಂಡೆನ್‌ಬರ್ಗ್ ಅವನನ್ನು ಚಾನ್ಸೆಲರ್ ಮಾಡಿದ. ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂವರೇ. ಆದರೆ ಪೊಲೀಸ್ ಇಲಾಖೆ ಅವರ ಕೈ ಸೇರಿತ್ತು.

ಫೆಬ್ರವರಿ 27ರ ರಾತ್ರಿ ರೈಕ್‌ಸ್ಟಾಗ್‌ಗೆ ಬೆಂಕಿ ಬಿತ್ತು. ಮರುದಿನ ಆರು ಕಲಮುಗಳ ಸುಗ್ರೀವಾಜ್ಞೆ. ವಾಕ್‌ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಅಂಚೆ ಮತ್ತು ಫೋನಿನ ಗೋಪ್ಯತೆ ಎಲ್ಲವೂ ಅಮಾನತು. ತಾತ್ಕಾಲಿಕ ಎಂದರು, 1945ರವರೆಗೂ ಜಾರಿಯಲ್ಲಿತ್ತು. ಮಾರ್ಚ್ 23ರಂದು ಸುಟ್ಟ ಸಂಸತ್ತಿನ ಬದಲು ಈ ಒಪೆರಾ ಭವನದಲ್ಲಿ ಅಧಿವೇಶನ. ಸಂಸತ್ತಿನ ಹಂಗಿಲ್ಲದೆ ಸರ್ಕಾರವೇ ಕಾನೂನು ಮಾಡುವ ಅಧಿಕಾರ ಕೇಳುವ ಮಸೂದೆ ಮುಂದಿತ್ತು. ಮೂರನೇ ಎರಡರಷ್ಟು ಬಹುಮತ ಬೇಕು. ಕಮ್ಯುನಿಸ್ಟ್ ಸದಸ್ಯರು ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ಬಾಗಿಲಲ್ಲಿ, ಓಣಿಯಲ್ಲಿ, ಆಸನಗಳ ಹಿಂದೆ ನಾಜಿ ಕಾಲಾಳುಗಳು. ಸೋಷಿಯಲ್ ಡೆಮಾಕ್ರಟ್ ನಾಯಕ ಒಟ್ಟೊ ವೆಲ್ಸ್ ಒಬ್ಬನೇ ಎದ್ದು ನಿಂತು ವಿರೋಧಿಸಿ ಮಾತಾಡಿದ. ಹಾಜರಿದ್ದ ಅವನ ಪಕ್ಷದ 94 ಜನರೂ ‘ಇಲ್ಲ’ ಎಂದರು. ಕ್ಯಾಥೊಲಿಕ್ಕರ ಸೆಂಟರ್ ಪಕ್ಷವೂ ಸೇರಿ ಉಳಿದ 444 ಜನ ‘ಹೌದು’ ಎಂದರು. ವೈಮರ್ ಸಂವಿಧಾನವನ್ನು ನಾಜಿಗಳು ಎಂದೂ ರದ್ದು ಮಾಡಲಿಲ್ಲ. ರದ್ದು ಮಾಡುವ ಅಗತ್ಯವೇ ಬೀಳಲಿಲ್ಲ.

ರೈಕ್‌ಸ್ಟಾಗ್ ಎದುರಿನ ಮೂಲೆಯಲ್ಲಿ, ಪ್ರವಾಸಿಗರ ಸಾಲಿನ ಪಕ್ಕದಲ್ಲೇ, ಒರಟು ಕಬ್ಬಿಣದ ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಒಟ್ಟು 96. ಒಂದೊಂದರ ಅಂಚಿನ ಮೇಲೆ ನಾಜಿಗಳಿಗೆ ಬಲಿಯಾದ ಒಬ್ಬೊಬ್ಬ ಸಂಸತ್ ಸದಸ್ಯನ ಹೆಸರು, ಪಕ್ಷ, ಸತ್ತ ಊರು, ಇಸವಿ. ಬಗ್ಗಿ ಓದಬೇಕು. ಬೆರಳಾಡಿಸಿದರೆ ತುಕ್ಕು ಹತ್ತುತ್ತದೆ. ಕಮ್ಯುನಿಸ್ಟ್ ಪಕ್ಷ, ಸೋಷಿಯಲ್ ಡೆಮಾಕ್ರಟ್, ಮತ್ತೆ ಕಮ್ಯುನಿಸ್ಟ್... ಬದುಕಿದ್ದಾಗ ಈ ಎರಡೂ ಪಕ್ಷದವರು ಹಾವು ಮುಂಗುಸಿಗಳಂತೆ ಕಚ್ಚಾಡಿದರು. ಒಂದೇ ಸಾಲಿನಲ್ಲಿ ನಿಂತದ್ದು ಇಲ್ಲಿ ಮಾತ್ರ.

ಅಲ್ಲಿಂದ ಬ್ರಾಂಡೆನ್‌ಬರ್ಗ್ ದ್ವಾರ ದಾಟಿ ನಡೆದರೆ ಹುಂಬೋಲ್ಟ್ ವಿಶ್ವವಿದ್ಯಾಲಯ. ಅದರೆದುರಿನ ಚೌಕದಲ್ಲಿ 1933ರ ಮೇ 10ರ ರಾತ್ರಿ 20,000ದಷ್ಟು ಪುಸ್ತಕ ಸುಟ್ಟರು. ಮುಂದಾಳುಗಳು ವಿದ್ಯಾರ್ಥಿಗಳು, ಜೊತೆಗೆ ಪ್ರಾಧ್ಯಾಪಕರೂ ಇದ್ದರು. ನೆಲದಲ್ಲಿ ಗಾಜಿನ ಕಿಂಡಿ, ಅದರ ಕೆಳಗೆ ಪುಸ್ತಕವಿಲ್ಲದ ಬಿಳಿಯ ಕಪಾಟುಗಳು. ಇದೇ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರೇಟ್ ಮುಗಿಸಿದ ರಾಮಮನೋಹರ ಲೋಹಿಯಾ ಹಿಟ್ಲರ್ ಗದ್ದುಗೆಗೇರಿದ ವರ್ಷವೇ ಭಾರತಕ್ಕೆ ಮರಳಿದರು. ಶಾಂತವೇರಿ ಗೋಪಾಲಗೌಡರ ಮೂಲಕ, ಲಂಕೇಶ್, ಅನಂತಮೂರ್ತಿ, ತೇಜಸ್ವಿಯವರ ಮೂಲಕ ಕನ್ನಡಕ್ಕೆ ಬಂದ ಲೋಹಿಯಾ ಒಂದು ಗಣರಾಜ್ಯ ಕುಸಿಯುವುದನ್ನು ಕಣ್ಣಾರೆ ಕಂಡವರು. ಅವರ ಸಿಟ್ಟಿನ ಬೇರು ಎಷ್ಟು ಆಳದ್ದೆಂದು ಅಲ್ಲಿ ನಿಂತಾಗ ತಿಳಿಯಿತು.

ಇದು ಜರ್ಮನಿಯೊಂದರ ಕತೆಯಲ್ಲ. 1922ರಲ್ಲಿ ಮುಸೊಲಿನಿಯ ಕರಿಯಂಗಿಗಳು ರೋಮಿನತ್ತ ಹೊರಟಾಗ ತಡೆಯಲು ಸೇನಾಡಳಿತದ ಆಜ್ಞೆ ಸಿದ್ಧವಾಗಿತ್ತು. ಇಟಲಿಯ ಅರಸ ರುಜು ಹಾಕಲು ಒಪ್ಪಲಿಲ್ಲ. ಮುಸೊಲಿನಿ ರಾತ್ರಿ ರೈಲು ಹತ್ತಿ ರೋಮಿಗೆ ಬಂದು ಪ್ರಧಾನಿಯಾದ. ಮಾಸ್ಕೋದಲ್ಲಿ ಸ್ಟಾಲಿನ್ 1937–38ರಲ್ಲಿ ಕೊಲ್ಲಬೇಕಾದವರ ಹೆಸರಿನ ಪಟ್ಟಿಗಳಿಗೆ ಕೂತಲ್ಲೇ ರುಜು ಹಾಕಿದ. 1939ರ ಆಗಸ್ಟ್ 23ರಂದು ಅದೇ ಸ್ಟಾಲಿನ್ ಹಿಟ್ಲರನೊಡನೆ ಒಪ್ಪಂದ ಮಾಡಿಕೊಂಡ. ಅದರ ಗುಪ್ತ ಭಾಗದಲ್ಲಿ ಪೋಲೆಂಡನ್ನು ಇಬ್ಬರೂ ಹಂಚಿಕೊಂಡಿದ್ದರು.

ಪೋಲೆಂಡಿನ ಸೈಲೀಸಿಯ ಸೀಮೆಯ ಗ್ಲಿವೀತ್ಸೆ ಆಗ ಜರ್ಮನಿಯ ಗಡಿ ಪಟ್ಟಣ, ಹೆಸರು ಗ್ಲೈವಿಟ್ಸ್. ಕಲ್ಲಿದ್ದಲ ನಾಡು. ರೈಲಿಳಿದು ಸ್ವಲ್ಪ ದೂರ ಹೋದರೆ ಮನೆಗಳ ಮೇಲಿಂದ ಮರದ ಗೋಪುರವೊಂದು ಇಣುಕುತ್ತದೆ. 111 ಮೀಟರ್ ಎತ್ತರದ ರೇಡಿಯೊ ಗೋಪುರ. ಲಾರ್ಚ್ ಮರದ ತೊಲೆಗಳನ್ನು ಹಿತ್ತಾಳೆಯ ಬೋಲ್ಟುಗಳಿಂದ ಬಿಗಿದು 1935ರಲ್ಲಿ ಕಟ್ಟಿದ್ದು. ಬುಡದಲ್ಲಿ ನಿಂತು ಕತ್ತೆತ್ತಿದರೆ ತೊಲೆಗಳು ಒಂದರೊಳಗೊಂದು ಹೆಣೆದುಕೊಂಡು ಮೇಲೇರುವುದು ಚಂದ ಕಾಣುತ್ತದೆ. ಸುತ್ತ ಉದ್ಯಾನ, ತಾಯಂದಿರು ಕೂಸುಗಳ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು.

1939ರ ಆಗಸ್ಟ್ 31ರ ರಾತ್ರಿ ಎಂಟರ ಸುಮಾರಿಗೆ ಆಲ್ಫ್ರೆಡ್ ನೌಯಾಕ್ಸ್ ಎಂಬ, ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ ಪೋಲಿಷ್ ದಂಗೆಕೋರರ ವೇಷದ ತಂಡದೊಂದಿಗೆ ಈ ನಿಲಯಕ್ಕೆ ನುಗ್ಗಿದ. ಪೋಲಿಷ್ ಭಾಷೆಯಲ್ಲಿ ಜರ್ಮನಿಯ ವಿರುದ್ಧ ಒಂದಷ್ಟು ಮಾತು ಬಿತ್ತರಿಸಬೇಕಿತ್ತು. ಬಂದು ನೋಡಿದರೆ ಇದು ಬ್ರೆಸ್ಲಾವ್‌ನ ಕಾರ್ಯಕ್ರಮಗಳನ್ನು ಮರುಪ್ರಸಾರ ಮಾಡುವ ಜಾಗ. ಸರಿಯಾದ ಸ್ಟುಡಿಯೊವೇ ಇಲ್ಲ. ತುರ್ತು ಸೂಚನೆಗೆಂದಿದ್ದ ಮೈಕು ಹುಡುಕಿ ನಾಲ್ಕು ಮಾತು ಅರಚಿ ಹೋದರು. ಸುತ್ತಲಿನವರಿಗಷ್ಟೇ ಅದು ಕೇಳಿಸಿದ್ದು. ದಾಳಿಕೋರನೆಂದು ತೋರಿಸಲು ಒಂದು ಹೆಣ ಬೇಕಿತ್ತು. ಪೋಲಿಷರ ಪರ ಒಲವಿದ್ದ ಫ್ರಾನ್ಸಿಶೆಕ್ ಹೊನಿಯೋಕ್ ಎಂಬ ಸೈಲೀಸಿಯನ್ನನನ್ನು ಹಿಂದಿನ ದಿನವೇ ಹಿಡಿದಿಟ್ಟಿದ್ದರು. ಮತ್ತು ಬರಿಸಿ ತಂದು ಗುಂಡಿಟ್ಟು ಅಲ್ಲಿ ಬಿಸಾಡಿದರು. ಇವೆಲ್ಲ ಲೋಕಕ್ಕೆ ತಿಳಿದದ್ದು ಮುಂದೆ ನ್ಯೂರೆಂಬರ್ಗ್ ವಿಚಾರಣೆಗೆ ನೌಯಾಕ್ಸ್ ಬರೆದುಕೊಟ್ಟ ಪ್ರಮಾಣಪತ್ರದಿಂದ. ಜಪಾನೀ ಸೇನೆ ಇದೇ ಆಟ ಎಂಟು ವರ್ಷ ಮೊದಲೇ ಆಡಿತ್ತು: 1931ರಲ್ಲಿ ಮುಕ್ಡೆನ್ ಬಳಿ ತನ್ನದೇ ರೈಲುಹಳಿಗೆ ಸಿಡಿಮದ್ದಿಟ್ಟು, ಚೀನೀಯರ ಮೇಲೆ ಹೊರಿಸಿ, ಮಂಚೂರಿಯ ನುಂಗಿತು.

ಸೆಪ್ಟೆಂಬರ್ 1ರ ಬೆಳಗಿನ ಜಾವ ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗಿತು. ಅದೇ ದಿನ ಹಿಟ್ಲರ್ ಗಡಿಯಲ್ಲಾದ ದಾಳಿಗಳಿಗೆ ಉತ್ತರ ಕೊಡುತ್ತಿದ್ದೇವೆಂದು ಭಾಷಣ ಮಾಡಿದ. ಮಾಡಿದ ಜಾಗ, ಬರ್ಲಿನ್ನಿನ ಅದೇ ಕ್ರೋಲ್ ಒಪೆರಾ. ಈ ಸಲ ‘ಇಲ್ಲ’ ಎನ್ನಲು ಒಬ್ಬನೂ ಇರಲಿಲ್ಲ.

ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು. ವೈಸರಾಯ್ ಲಿನ್‌ಲಿತ್‌ಗೋ ಒಬ್ಬ ಭಾರತೀಯ ನಾಯಕನನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆಯೆಂದು ಘೋಷಿಸಿದ. ಸರ್ವಾಧಿಕಾರದ ವಿರುದ್ಧದ ಯುದ್ಧಕ್ಕೆ ನಮ್ಮನ್ನು ಸೇರಿಸಿದ್ದೂ ಒಬ್ಬನ ಸಹಿಯೇ. 25 ಲಕ್ಷ ಭಾರತೀಯರು ಸೈನಿಕರಾದರು. ಯುದ್ಧ ಬೆಂಗಳೂರಿಗೂ ಬಂತು: 1940ರಲ್ಲಿ ಮೈಸೂರು ಸರ್ಕಾರವೂ ಪಾಲುದಾರನಾಗಿ ಇಲ್ಲಿ ವಿಮಾನ ಕಾರ್ಖಾನೆ ಎದ್ದಿತು; ಅದೇ ಇಂದಿನ ಎಚ್‌ಎಎಲ್.

ಕ್ರೋಲ್ ಒಪೆರಾದ ಪಾಠವನ್ನು ನಮ್ಮವರೊಬ್ಬರು ಚೆನ್ನಾಗಿ ಓದಿಕೊಂಡಿದ್ದರು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಹುದ್ದೆ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದ ಎಚ್.ವಿ. ಕಾಮತ್. 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆ ತುರ್ತುಪರಿಸ್ಥಿತಿಯ ವಿಧಿಗಳನ್ನು ಚರ್ಚಿಸುವಾಗ, ಇವು ವೈಮರ್ ಸಂವಿಧಾನದ 48ನೆಯ ಕಲಮಿಗೆ ಹತ್ತಿರವಿವೆ, ಹಿಟ್ಲರ್ ಮೇಲೆ ಬಂದದ್ದು ಅದೇ ಏಣಿಯಿಂದ ಎಂದು ಎಚ್ಚರಿಸಿದರು. ಸಭೆ ಒಪ್ಪಲಿಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಕಾಗದಕ್ಕೆ ರುಜು ಹಾಕಿದರು. ಮಂತ್ರಿಮಂಡಲ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ. 1977ರಲ್ಲಿ ಮತದಾರರು ಆ ಸರ್ಕಾರವನ್ನು ಇಳಿಸಿದರು. ಜರ್ಮನರಿಗೆ ಆ ಭಾಗ್ಯ ಸಿಗಲಿಲ್ಲ.

ಆಮೇಲೆ ಬಂದ 1978ರ 44ನೆಯ ತಿದ್ದುಪಡಿ ಕೆಲವು ಬಾಗಿಲುಗಳಿಗೆ ಅಗುಳಿ ಹಾಕಿತು. ಸಂಪುಟದ ಲಿಖಿತ ಸಲಹೆಯಿಲ್ಲದೆ ರಾಷ್ಟ್ರಪತಿ ಈಗ ತುರ್ತುಪರಿಸ್ಥಿತಿ ಸಾರುವಂತಿಲ್ಲ. ಒಂದು ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು. ಜೀವದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ. ಆದರೆ ಅಗುಳಿ ತೆಗೆಯುವುದೂ ಒಳಗಿದ್ದವರ ಕೈಯಲ್ಲೇ ಇದೆ. 444 ಜನ ಅದನ್ನೇ ಮಾಡಿದ್ದು. ಸಂವಿಧಾನ ಸಭೆಯ ಚರ್ಚೆಗಳು ಗ್ರಂಥಾಲಯದಲ್ಲೂ ಅಂತರ್ಜಾಲದಲ್ಲೂ ಸಿಗುತ್ತವೆ. ಕಾಮತರ ಮಾತುಗಳನ್ನು ಒಮ್ಮೆ ಹುಡುಕಿ ಓದಿ. ಮುಂದಿನ ಸಲ ‘ತಾತ್ಕಾಲಿಕ’ ಎಂಬ ಹಣೆಪಟ್ಟಿ ಹೊತ್ತ ಸುಗ್ರೀವಾಜ್ಞೆ ಹೊರಟಾಗ, ಅದು ಯಾವ ಪಕ್ಷದ್ದೇ ಇರಲಿ, ಅದರ ಕಲಮುಗಳನ್ನೂ ಒಂದೊಂದಾಗಿ ಓದಿ.